ಹತ್ತು ಪಟ್ಟು ಸ್ಪೀಡು

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ನಡುಬೀದಿಯಲ್ಲಿ ನಿಂತು ಮಿರ್ಚಿ ಭಜಿ ತಿನ್ನುವವರು ಕಲಬುರಗಿಯವರೇ ಇರಬೇಕು. ಸೂಪರ್ ಮಾರ್ಕೆಟ್ ಹತ್ತಿರದ ಬಂಡಿಯೊಂದರ ಮುಂದೆ ನಾನೂ ಹಾಗೇ ನಿಂತಿದ್ದೆ. ತಿಂದಾಗಿತ್ತು, ಖಾರಕ್ಕೆ ಮೂಗು ಸೋರುತ್ತಿತ್ತು, 30 ರೂಪಾಯಿ ಕೊಡುವುದೊಂದು ಬಾಕಿ.

ಬಂಡಿಗೆ ತೂಗುಹಾಕಿದ್ದ ಕ್ಯೂಆರ್ ಕೋಡಿಗೆ ಫೋನ್ ಹಿಡಿದೆ. ಕ್ಯಾಮೆರಾ ತೆರೆಯಿತು, ಕಪ್ಪಾಯಿತು, ಯೋಚನೆ ಮಾಡಿ ಮತ್ತೆ ತೆರೆಯಿತು. ಮೊತ್ತ ಹಾಕಲು 3 ಒತ್ತಿದೆ, ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಸಿಟ್ಟಿನಿಂದ ಮತ್ತೊಮ್ಮೆ ಒತ್ತಿ, ಸೊನ್ನೆಯನ್ನೂ ಒತ್ತಿದೆ. ಆಗ ಒತ್ತಿದ್ದೆಲ್ಲ ಒಟ್ಟಿಗೇ ಬಂದು 3330 ಆಗಿ ಕೂತಿತು. ಅಳಿಸಹೋದರೆ ಅದೂ ತಡವಾಗಿ ಎಚ್ಚೆತ್ತು ಎಲ್ಲವನ್ನೂ ಅಳಿಸಿತು.

"ಸರ್, ಅದಕ್ಕ ಬಿಸಲ ಬಡದಾದ್ರಿ. ಜರಾ ನೆರಳಿಗಿ ಹಿಡೀರಿ" ಅಂದ ಬಂಡಿಯವ.

ನೆರಳಿಗೆ ಹಿಡಿದೆ. ಬಿಳಿ ಚಕ್ರ ತಿರುಗತೊಡಗಿತು. ಹಿಂದೆ ಐದಾರು ಜನ ಸೇರಿದರು. ಕೊನೆಗೆ ಒಬ್ಬ ಕಾಲೇಜು ಹುಡುಗಿ ತನ್ನ ಲೆಕ್ಕದ ಜೊತೆ ನನ್ನ 30 ರೂಪಾಯಿಯನ್ನೂ ಹೊಡೆದು, "ಇರ್ಲಿ ಬಿಡ್ರಿ ಅಂಕಲ್. ಭಾಳ ಹಳೀದೇನ್ರಿ?" ಅಂತ ಕೇಳಿದಳು. ಫೋನ್ ನೋಡಿ ಕೇಳಿದಳೋ ನನ್ನ ಮುಖ ನೋಡಿ ಕೇಳಿದಳೋ ಇವತ್ತಿಗೂ ಖಚಿತವಿಲ್ಲ.

ಅವತ್ತೇ ನಿಶ್ಚಯ ಮಾಡಿದೆ, ಇದಕ್ಕೊಂದು ದಾರಿ ಕಾಣಿಸಬೇಕು ಅಂತ.

ನಮ್ಮ ಊರಲ್ಲಿ ಮೊಣಕಾಲು ನೋವು ಅಂದರೆ ಹತ್ತು ಮದ್ದು ಬರುತ್ತವೆ, ಫೋನ್ ಸ್ಲೋ ಅಂದರೆ ಇಪ್ಪತ್ತು. ಆಫೀಸಿನ ಸಹೋದ್ಯೋಗಿ ಒಂದು ಕ್ಲೀನರ್ ಆ್ಯಪ್ ಹಾಕಿಕೊಟ್ಟರು. ಕಸಬರಿಗೆಯ ಚಿತ್ರ ಇತ್ತು, ನಂಬಿಕೆ ಬಂತು. ಅದು ಕೆಂಪಕ್ಷರದಲ್ಲಿ ‘ನಿಮ್ಮ ಫೋನಿನ ತುಂಬ ಕಸ’ ಅಂತ ಹೆದರಿಸಿತು, ಗುಡಿಸಿತು, ಗುಡಿಸಿದ್ದಕ್ಕೆ ಒಂದು ಜಾಹೀರಾತು ತೋರಿಸಿತು. ಅರ್ಧ ಗಂಟೆಗೆ ಮತ್ತೆ ಕಸ, ಮತ್ತೆ ಕಸಬರಿಗೆ, ಮತ್ತೆ ಜಾಹೀರಾತು. ಗುಡಿಸುವುದೆಂದರೆ ಅದು ಮಾಡುತ್ತಿದ್ದದ್ದು ಇಷ್ಟೇ: ಹಿಂದೆ ಸುಮ್ಮನೆ ಮಲಗಿದ್ದ ಆ್ಯಪ್‌ಗಳನ್ನು ಬಂದ್ ಮಾಡುವುದು. ಮಧ್ಯಾಹ್ನ ಊಟ ಮಾಡಿ ಜರಾ ಅಡ್ಡಾದವರನ್ನು ಎಬ್ಬಿಸಿ ಓಣಿಯಾಚೆ ಕಳಿಸಿ, ಐದು ನಿಮಿಷಕ್ಕೆ ‘ಬರ್ರಿ’ ಅಂತ ಕರೆದರೆ ಅವರು ಬೇಗ ಬರುತ್ತಾರೆಯೇ? ಆ್ಯಪ್‌ಗಳೂ ಮೊದಲಿನಿಂದ ಎದ್ದು, ಅಂಗಿ ತೊಟ್ಟು, ಚಪ್ಪಲಿ ಹುಡುಕಿ ಬರುತ್ತಿದ್ದವು. ಬ್ಯಾಟರಿಯೂ ಆ ಓಡಾಟದಲ್ಲೇ ಖಾಲಿ. ಕಸಬರಿಗೆಯನ್ನೇ ತೆಗೆದುಹಾಕಿದ ದಿನ ಫೋನ್ ಸ್ವಲ್ಪ ಉಸಿರಾಡಿತು.

ಬಂಡಿಯವನ ಮಾತು ಮಾತ್ರ ತಲೆಯಲ್ಲಿ ಉಳಿದಿತ್ತು. ಅವ ಹೇಳಿದ್ದು ಖರೇ. ಫೋನ್ ಕಾದರೆ ಒಳಗಿನ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಐಫೋನ್ ಮಾಡುವ ಕಂಪನಿಯಂತೂ ತನ್ನ ಫೋನನ್ನು 0ಯಿಂದ 35 ಡಿಗ್ರಿ ಇರುವಲ್ಲಿ ಬಳಸಿ ಅಂತ ಬರೆದೇ ಇಟ್ಟಿದೆ. ಬೇಸಿಗೆಯ ಕಲಬುರಗಿಯಲ್ಲಿ 35 ಡಿಗ್ರಿ ಸಿಗಬೇಕಾದರೆ ನಸುಕಿನಲ್ಲಿ ಎದ್ದು ಕೆಲಸ ಮುಗಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ಬದಲಾಗುತ್ತದೆ. ನನ್ನ ಫೋನ್ ಯಾವ ಸುತ್ತೋಲೆಯೂ ಇಲ್ಲದೆ ಅದನ್ನು ಪಾಲಿಸುತ್ತಿತ್ತು.

ಈ ವಿಜ್ಞಾನವನ್ನು ಮನೆಯಲ್ಲಿ ಹೇಳಿದ್ದು ತಪ್ಪಾಯಿತು. ಮರುದಿನ ಮಧ್ಯಾಹ್ನ ಫೋನ್ ಕಾಣಲಿಲ್ಲ. ರಿಂಗ್ ಮಾತ್ರ ಎಲ್ಲೋ ಬಾವಿಯೊಳಗಿಂದ ಕೇಳುತ್ತಿತ್ತು. ಅವ್ವ ಫ್ರಿಜ್ಜಿನ ಮುಂದೆ ನಿಂತು, "ತಮ್ಮಾ, ಇದು ಒದರ್ಲತ್ತದ ನೋಡು" ಅಂದಳು. ಬಾಗಿಲು ತೆರೆದರೆ ಮೊಸರಿನ ಡಬ್ಬಿ ಮತ್ತು ಕೊತ್ತಂಬರಿ ಕಟ್ಟಿನ ನಡುವೆ ಫೋನ್.

"ನೀವೇ ಅಂದ್ರಲ್ಲ, ತಂಪಿದ್ರ ಜೋರ್ ಓಡ್ತದಂತ" ಅಂದರು ನಮ್ಮ ಮನೆಯವರು.

ತಣ್ಣಗಿನ ಫೋನ್ ಹೊರಗಿನ ಗಾಳಿಗೆ ಬಂದದ್ದೇ ತಡ, ಬೆವರಿತು. ಕೂಲರ್ ಬೇರೆ ತೇವದ ಗಾಳಿ ಊದುತ್ತಿತ್ತು. ಕ್ಯಾಮೆರಾ ಗಾಜಿನ ಒಳಗೆ ಮಂಜು ಕೂತು ಎರಡು ದಿನ ಇಳಿಯಲಿಲ್ಲ. ಆ ಸ್ಥಿತಿಯಲ್ಲೇ ನಮ್ಮೂರಿನ ‘ಅಪ್ಪನ ಕೆರೆ’ಯ ದಂಡೆಯಲ್ಲಿ ತೆಗೆದ ಒಂದು ಫೋಟೋವನ್ನು ಭಾವನಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು: "ಮಡಿಕೇರಿಗಿ ಹೋಗೀರೇನು? ಒಂದ್ ಮಾತ್ ಹೇಳಬಾರ್ದಾ?"

ರೋಗದ ಬೇರು ಬೇರೆಯೇ ಕಡೆ ಇತ್ತು. 32 ಜಿಬಿ ಫೋನಿನಲ್ಲಿ ಉಳಿದಿದ್ದದ್ದು ಅರ್ಧ ಜಿಬಿಯೂ ಇಲ್ಲ. ಫೋನಿನ ಮೆಮೊರಿಯಲ್ಲಿ ಬರೆದದ್ದರ ಮೇಲೆ ಹಾಗೇ ಇನ್ನೊಂದು ಬರೆಯಲು ಬರುವುದಿಲ್ಲ. ಮೊದಲು ಅಳಿಸಿ ಜಾಗ ಮಾಡಬೇಕು. ಖಾಲಿ ಜಾಗವೇ ಇಲ್ಲದಿದ್ದರೆ ಅತ್ತಲಿಂದಿತ್ತ ಸರಿಸುತ್ತಲೇ ಹೊತ್ತು ಹೋಗುತ್ತದೆ. ಸುಗ್ಗಿಯಲ್ಲಿ ತೊಗರಿ ಗೋದಾಮನ್ನು ಬಾಗಿಲ ತನಕ ತುಂಬಿದ ಮೇಲೆ ಒಂದು ಚೀಲ ತೆಗೆಯಲು ಹತ್ತು ಚೀಲ ಸರಿಸುವ ಹಮಾಲರನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ.

ಗೋದಾಮಿನಲ್ಲಿ ಇದ್ದದ್ದು ಏನು? ದೇವರು. ಮನೆತನದ ವಾಟ್ಸ್ಆ್ಯಪ್ ಗುಂಪಿನಿಂದ ಸೋಮವಾರ ಶಿವ, ಗುರುವಾರ ಗಾಣಗಾಪುರದ ದತ್ತ, ಶನಿವಾರ ಹನುಮಪ್ಪ, ಪ್ರತಿಯೊಬ್ಬರ ಕೆಳಗೂ ಗುಲಾಬಿ ಮತ್ತು ‘ಶುಭೋದಯ’. ನಾಲ್ಕು ವರ್ಷದ ಶುಭೋದಯ. ಎಲ್ಲ ಆರಿಸಿ ಡಿಲೀಟ್ ಒತ್ತಲು ಬೆರಳು ಎತ್ತಿದ್ದೆ, ಹಿಂದಿನಿಂದ ಅವ್ವ ನೋಡಿಬಿಟ್ಟಳು.

"ದೇವ್ರ ಫೋಟೋ ಅಳಸ್ತಾರೇನು? ಯಾರಿಗರ ಕೊಟ್ಟುಬಿಡು ಬೇಕಾದ್ರ."

ಯಾರಿಗೆ ಕೊಡಲಿ? ಎಲ್ಲರ ಬಳಿಯೂ ಇವೆ. ಒಂದು ಪೆನ್‌ಡ್ರೈವ್ ತಂದು ದೇವರನ್ನೆಲ್ಲ ಅದಕ್ಕೆ ಸಾಗಿಸಿದೆ. ಮರುದಿನ ನೋಡಿದರೆ ಪೆನ್‌ಡ್ರೈವ್ ಜಗಲಿಯ ಮೇಲೆ ಕೂತಿದೆ, ಮೈಗೆ ಮೂರು ಬೆರಳು ವಿಭೂತಿ, ಮುಂದೆ ಒಂದು ಕಣಗಿಲೆ ಹೂವು. ಆಮೇಲೆ ಅದನ್ನು ಯಾವ ಕಂಪ್ಯೂಟರ್‌ಗೆ ಹಾಕಿದರೂ ತೆರೆಯಲಿಲ್ಲ. ವಿಭೂತಿ ಒಳಗೆ ಇಳಿದಿತ್ತು. ಅವ್ವನಿಗೆ ಅದರಿಂದ ಏನೂ ಕಷ್ಟವಾಗಿಲ್ಲ. ನಾನು ವಾಟ್ಸ್ಆ್ಯಪ್ಪಿನಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ಬಂದ್ ಮಾಡಿ ಕೈತೊಳೆದುಕೊಂಡೆ. ಫೋನ್ ಅರ್ಧ ಸರಿಯಾಯಿತು.

ಅರ್ಧಕ್ಕೇ ಬಿಡಬೇಕಿತ್ತು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಳಿಯ ಫೋನಿನಲ್ಲೇ ದಾರಿ ಹೇಳಿದ. "ಮಾಮಾ, ಸೆಟ್ಟಿಂಗ್ಸ್‌ನಾಗ ಅಬೌಟ್ ಫೋನಿಗಿ ಹೋಗು. ಬಿಲ್ಡ್ ನಂಬರ್ ಅಂತ ಅದ. ಅದರ ಮ್ಯಾಲ ಏಳ್ ಸಲ ಒತ್ತು." ಮಂತ್ರ ಇದ್ದ ಹಾಗಿದೆಯಲ್ಲ ಅಂದುಕೊಂಡು ಒತ್ತಿದೆ. ಏಳನೆಯದಕ್ಕೆ ‘ನೀವೀಗ ಡೆವಲಪರ್ ಆಗಿದ್ದೀರಿ’ ಅಂತ ಬಂತು. ಅಳಿಯನಿಗೆ ಇದಾಗಲು ನಾಲ್ಕು ವರ್ಷ ಮತ್ತು ನನ್ನ ತಂಗಿಯ ಬಂಗಾರ ಬೇಕಾಗಿತ್ತು.

"ಈಗ ಡೆವಲಪರ್ ಆಪ್ಷನ್ಸ್ ಅಂತ ಹೊಸಾದು ಬಂದಾದ. ಕೆಳಗ ಮೂರು ಆನಿಮೇಷನ್ ಸ್ಕೇಲ್ ಅವ. ಮೂರೂ ಒಂದೊಂದು ಇರ್ತಾವ, ಬದಲಿ ಮಾಡು. ಮ್ಯಾನೇಜರ್ ಕರೀಲತ್ತಾನ, ಇಡ್ತೀನಿ" ಅಂತ ಇಟ್ಟುಬಿಟ್ಟ.

ಬದಲಿ ಮಾಡು ಅಂದ, ಎಷ್ಟಕ್ಕೆ ಅಂತ ಹೇಳಲಿಲ್ಲ. ಪಟ್ಟಿ ನೋಡಿದೆ: ಅರ್ಧ ಪಟ್ಟು, ಒಂದು, ಒಂದೂವರೆ, ಎರಡು, ಐದು, ಹತ್ತು. ಬುದ್ಧಿ ಇರುವ ಯಾವ ಮನುಷ್ಯ ಹತ್ತು ಇರುವಾಗ ಅರ್ಧ ಆರಿಸುತ್ತಾನೆ? ಮೂರನ್ನೂ ಹತ್ತಕ್ಕೆ ಏರಿಸಿದೆ.

ಹಿಂದಕ್ಕೆ ಹೋಗಲು ಒತ್ತಿದೆ. ಪರದೆ ಹೊರಟಿತು. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಹೊರಡುತ್ತದಲ್ಲ, ಹಾಗೆ. ಮೊದಲು ಅಂಚು ಅಲುಗಿತು. ಆಮೇಲೆ ಇಡೀ ಪರದೆ ಗಾಂಭೀರ್ಯದಿಂದ ಬಲಕ್ಕೆ ಸರಿಯುತ್ತ ಸರಿಯುತ್ತ ಹೋಯಿತು. ನಾನು ಉತ್ತತ್ತಿ ಎಸೆಯುವುದೊಂದು ಬಾಕಿ. ಮೇಲಿನಿಂದ ನೋಟಿಫಿಕೇಷನ್ ಎಳೆದರೆ ತುಕ್ಕು ಹಿಡಿದ ಅಂಗಡಿ ಶಟರ್ ಇಳಿದಂತೆ ಇಳಿಯಿತು. ಕೀಬೋರ್ಡ್ ಕೆಳಗಿನಿಂದ ಮೂಡಿ ಬರುವಷ್ಟರಲ್ಲಿ ಏನು ಬರೆಯಬೇಕೆಂದಿದ್ದೆ ಎಂಬುದೇ ಮರೆತಿತ್ತು.

ಅವ್ವ ಮಾತ್ರ ಪಕ್ಕಕ್ಕೆ ಬಂದು ಕೂತು ಆಸೆಯಿಂದ ನೋಡಿದಳು. "ಈಗ ಛಂದ ಆಗ್ಯಾದ ನೋಡು. ಮೊದ್ಲ ಏನ್ ಬಂತು, ಏನ್ ಹೋಯ್ತು ತಿಳೀತಿರ್ಲಿಲ್ಲ."

ರಾತ್ರಿ ಅಳಿಯ ಮತ್ತೆ ಸಿಕ್ಕ. "ಹತ್ತು ಹಾಕು ಅಂತ ಯಾರಂದ್ರು ಮಾಮಾ? ಅರ್ಧ ಹಾಕಬೇಕಿತ್ತು!"

"ಅರ್ಧ ಹಾಕಿದ್ರ ಇನ್ನಾ ಸಾವಕಾಶ ಆಗ್ತದಲ್ಲೋ."

"ಅದು ಸ್ಪೀಡ್ ಅಲ್ಲ ಮಾಮಾ, ಟೈಮು. ಕಾಲು ಸೆಕೆಂಡಿನ್ಯಾಗ ಆಗೂದು ಈಗ ಎರಡೂವರೆ ಸೆಕೆಂಡ್ ತಗೋತದ."

ತೇರನ್ನು ಹಿಂದಕ್ಕೆ ಎಳೆಯುವುದು ಎಷ್ಟು ಕಷ್ಟ ಅಂತ ಆ ರಾತ್ರಿ ಗೊತ್ತಾಯಿತು. ಮೂರನ್ನೂ ಅರ್ಧಕ್ಕೆ ಇಳಿಸಿದೆ. ಪರದೆಗಳು ಚಟ್ ಚಟ್ ಅಂತ ಬದಲಾದವು. ಇದರಿಂದ ಪ್ರೊಸೆಸರ್‌ಗೇನೂ ಹೊಸ ಬಲ ಬರುವುದಿಲ್ಲವಂತೆ. ನಡಿಗೆ ಅದೇ, ಬಾಗಿಲು ಬೇಗ ತೆರೆಯುತ್ತದೆ ಅಷ್ಟೇ. ನನಗೆ ಅಷ್ಟು ಸಾಕು.

ಮರುದಿನ ಆಫೀಸ್ ಬಿಟ್ಟವನೇ ಭಜಿ ಬಂಡಿಗೆ ಹೋದೆ. ಹಸಿವಿರಲಿಲ್ಲ, ತೋರಿಸುವುದಿತ್ತು. ತಿಂದೆ, ಫೋನ್ ತೆಗೆದೆ, ಕೋಡಿಗೆ ಹಿಡಿದೆ, 30 ಹೊಡೆದೆ. ಹಸಿರು ಟಿಕ್! ಅಕ್ಕಪಕ್ಕ ನೋಡಿದೆ. ಆ ಕಾಲೇಜು ಹುಡುಗಿ ಇರಲಿಲ್ಲ.

"ಇನ್ನಾ ಬಂದಿಲ್ರಿ ಸರ್" ಅಂದ ಬಂಡಿಯವ. ಹಣ ಬಂದದ್ದನ್ನು ಕೂಗಿ ಹೇಳುವ ಡಬ್ಬಿ ಬಿಸಿಲಲ್ಲಿ ಸುಮ್ಮನೆ ಕೂತಿತ್ತು. ನನ್ನ ಹಸಿರು ಟಿಕ್ ತೋರಿಸಿದೆ. "ನಿಮ್ದು ಹೋಗ್ಯಾದ್ರಿ. ಇದು ಒದರ್ಬೇಕು."

"ಅದಕ್ಕ ಬಿಸಲ ಬಡದಾದ. ಜರಾ ನೆರಳಿಗಿ ಇಡ್ರಿ" ಅಂದೆ.

ಅವ ಡಬ್ಬಿಯನ್ನು ಎತ್ತಿ ಕಡಲೆ ಹಿಟ್ಟಿನ ಬುಟ್ಟಿಯ ಪಕ್ಕ, ಬಂಡಿಯ ಕೆಳಗೆ ಇಟ್ಟ. ನಾವಿಬ್ಬರೂ ಬಗ್ಗಿ ಕಾದೆವು. ಸ್ವಲ್ಪ ಹೊತ್ತಿಗೆ ಅದು ಗಂಟಲು ಸರಿಮಾಡಿಕೊಂಡು ನುಡಿಯಿತು: 40 ರೂಪಾಯಿ ಬಂದಿದೆ ಅಂತ. ಅದು ನನ್ನ ಮುಂಚಿನವರದು. ಅವರು ಇಷ್ಟೊತ್ತಿಗೆ ಜಗತ್ ಸರ್ಕಲ್ ದಾಟಿರಬೇಕು.

"ಹೆಂಗೂ ನಿಂತೀರಿ" ಅಂದ ಬಂಡಿಯವ, "ಇನ್ನೊಂದ್ ಪ್ಲೇಟ್ ತಿನ್ರಿ."