39 ಶಿಲ್ಲಿಂಗಿನ ಕರುಣೆ: ಕಳ್ಳರನ್ನು ಉಳಿಸಲು ಜ್ಯೂರಿ ಸುಳ್ಳು ಹೇಳಿದ್ದು ಸರಿಯೇ?

ಪರ

1732. ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದ ಕಟಕಟೆಯಲ್ಲಿ ಒಬ್ಬ ಹೆಂಗಸು. ಮನೆಯೊಂದರಿಂದ ಅವಳು ಕದ್ದದ್ದು ಒಂದು ಹಳೆಯ ಚಿನ್ನದ ನಾಣ್ಯ, ಎರಡು ಗಿನಿ, ಎರಡು ಅರ್ಧ ಗಿನಿ, ಮೇಲೆ 44 ಶಿಲ್ಲಿಂಗ್ ನಗದು. ಗಿನಿಯೊಂದಕ್ಕೆ 21 ಶಿಲ್ಲಿಂಗ್. ಹಳೆಯ ನಾಣ್ಯವನ್ನು ಬಿಟ್ಟರೂ ಲೆಕ್ಕ 107 ಶಿಲ್ಲಿಂಗ್ ಮುಟ್ಟುತ್ತದೆ. ಜ್ಯೂರಿಯಲ್ಲಿ ಕೂತು ಆರೋಪಿ ತಪ್ಪಿತಸ್ಥಳೇ ಎಂದು ತೀರ್ಮಾನಿಸುವ ಹನ್ನೆರಡು ಮಂದಿ ನಾಗರಿಕರು ಅಷ್ಟಕ್ಕೂ ಕಟ್ಟಿದ ಬೆಲೆ 39 ಶಿಲ್ಲಿಂಗ್!

ಅವರಿಗೆ ಕೂಡುವ ಲೆಕ್ಕ ಬರುತ್ತಿರಲಿಲ್ಲವೆಂದಲ್ಲ. 1713ರ ಕಾಯಿದೆಯಂತೆ ಮನೆಯೊಳಗಿಂದ 40 ಶಿಲ್ಲಿಂಗ್ ಕದ್ದರೆ ಗಲ್ಲು. ಅಂಗಡಿಯಿಂದ ಗುಟ್ಟಾಗಿ ಎತ್ತಿದರೆ 5 ಶಿಲ್ಲಿಂಗಿಗೇ ಗಲ್ಲು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ್ದು ಪಾರ್ಲಿಮೆಂಟು. ಆ ಕೊಡಲಿಯನ್ನು ಹಿಡಿದು ನಿಲ್ಲಿಸಿದವರು ಈ ಹನ್ನೆರಡು ಮಂದಿ.

ಆರೋಪಿಯ ಪಾಡನ್ನೂ ನೋಡಿ. ವಿಚಾರಣೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಅವನಿಗೆ ವಕೀಲನಿದ್ದರೂ ಆ ವಕೀಲ ಜ್ಯೂರಿಯ ಮುಂದೆ ವಾದ ಮಂಡಿಸುವಂತಿರಲಿಲ್ಲ. ಆ ಹಕ್ಕು ಸಿಕ್ಕಿದ್ದು 1836ರಲ್ಲಿ. ಇತ್ತ ದರೋಡೆಕೋರನಿಗೆ ಶಿಕ್ಷೆ ಕೊಡಿಸಿದವರಿಗೆ ಸರ್ಕಾರ 40 ಪೌಂಡ್ ಬಹುಮಾನ ಕೊಡುತ್ತಿತ್ತು. ಆ ಆಸೆಗೆ ಹುಟ್ಟಿದ ಸಾಕ್ಷ್ಯ ಎಷ್ಟಿರಬಹುದು? ಜೊನಾಥನ್ ವೈಲ್ಡ್ ಕಳ್ಳರನ್ನು ಹಿಡಿದುಕೊಡುವವನೆಂದು ಮೆರೆಯುತ್ತಲೇ ಕಳ್ಳರ ಗುಂಪನ್ನೂ ನಡೆಸಿದ. 1725ರಲ್ಲಿ ತಾನೂ ಗಲ್ಲಿಗೇರಿದ.

ಬೆಲೆ ತಗ್ಗಿಸಿದರೆ ಕಳ್ಳ ಕೈಬೀಸಿಕೊಂಡು ಮನೆಗೆ ಹೋಗುತ್ತಿದ್ದನೆಂದೂ ತಿಳಿಯಬೇಡಿ. 1718ರ ಬಳಿಕ ಅಂಥವರಿಗೆ ಸಾಮಾನ್ಯವಾಗಿ ಏಳು ವರ್ಷ ಅಮೆರಿಕದ ವಸಾಹತುಗಳಿಗೆ ಗಡೀಪಾರು. ಅದೇನು ಕಡಿಮೆ ಶಿಕ್ಷೆಯೇ?

ವಿರೋಧ

ಆ ಹೆಂಗಸು ಬದುಕಿದಳು, ಸಂತೋಷ. ನನ್ನ ತಕರಾರು ಅವಳ ಮೇಲಲ್ಲ, ದೇವರ ಮೇಲೆ ಪ್ರಮಾಣ ಮಾಡಿ ಸುಳ್ಳಾಡಿದವರ ಮೇಲೆ. ನ್ಯಾಯಶಾಸ್ತ್ರಜ್ಞ ಬ್ಲಾಕ್‌ಸ್ಟೋನ್ ಇದನ್ನು ಧರ್ಮಬುದ್ಧಿಯ ಸುಳ್ಳುಪ್ರಮಾಣ ಎಂದ. ಹೆಸರು ಚೆನ್ನಾಗಿದೆ, ಆದರೆ ಆ ಧರ್ಮಬುದ್ಧಿ ಯಾರ ಪಾಲಿಗೆ ಬಂತು?

ಓಲ್ಡ್ ಬೈಲಿಯ ಕಟಕಟೆಯ ಮೇಲೆ ಒಂದು ಕನ್ನಡಿ ಇರಿಸಿದ್ದರು. ಕಿಟಕಿಯ ಬೆಳಕು ಅದರಿಂದ ಆರೋಪಿಯ ಮುಖದ ಮೇಲೆ ಬೀಳಬೇಕು, ಅವನ ಮುಖಭಾವ ಜ್ಯೂರಿಗೆ ಕಾಣಬೇಕು. ಮುಖ ನೋಡಿ ಮಣೆ ಹಾಕುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆ? ನಡತೆ ಒಳ್ಳೆಯದೆಂದು ಹೇಳಲು ನೆರೆಹೊರೆಯವರು ಬಂದವನಿಗೆ ಅನುಕೂಲ. ನಿನ್ನೆ ಮೊನ್ನೆ ಹಳ್ಳಿಯಿಂದ ಬಂದ ಒಂಟಿ ಹುಡುಗ ಯಾರನ್ನು ಕರೆತಂದಾನು?

ಇನ್ನೊಂದು ಮಾತು. ಕಾಯಿದೆಯಲ್ಲಿ ಮೊತ್ತ ಬರೆದಿದ್ದ ಕಡೆ ಮಾತ್ರ ಈ ಜಾಣತನ ನಡೆಯುತ್ತಿತ್ತು. ಕುರಿ ಕದ್ದವನಿಗೂ ಕುದುರೆ ಕದ್ದವನಿಗೂ ಬೆಲೆ ಎಷ್ಟಾದರೂ ಗಲ್ಲೇ. ಹಸಿದು ಕುರಿ ಕದ್ದ ಬಡವನ ಪಾಲಿಗೆ 39 ಶಿಲ್ಲಿಂಗಿನ ಕಿಂಡಿಯೇ ಇರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಹರಿದ ಕಾಯಿದೆಗೆ ಜ್ಯೂರಿಗಳು ತೇಪೆ ಹಾಕುತ್ತಲೇ ಹೋದದ್ದರಿಂದ ಪಾರ್ಲಿಮೆಂಟಿಗೆ ಹೊಸದನ್ನು ಹೊಲಿಯುವ ಅವಸರವೇ ಬೀಳಲಿಲ್ಲ. 5 ಶಿಲ್ಲಿಂಗಿನ ಗಲ್ಲನ್ನು ತೆಗೆಯಲು ಕಾನೂನು ಸುಧಾರಕ ಸ್ಯಾಮ್ಯುಯೆಲ್ ರೊಮಿಲಿ 1810ರಲ್ಲಿ ತಂದ ಮಸೂದೆಯನ್ನು ಮೇಲ್ಮನೆ ತಿರಸ್ಕರಿಸಿತು; ವಿರೋಧಿಸಿದವರಲ್ಲಿ ಬಿಷಪ್ಪರೂ ಇದ್ದರು. ಕೊನೆಗೆ 1827ರಲ್ಲಿ ಮನೆಗಳ್ಳತನದ ಮಿತಿಯನ್ನು 40 ಶಿಲ್ಲಿಂಗಿನಿಂದ 5 ಪೌಂಡಿಗೆ, ಅಂದರೆ 100 ಶಿಲ್ಲಿಂಗಿಗೆ ಏರಿಸಿದರು. ಜ್ಯೂರಿಗಳು ಮಾಡಿದ್ದೇನು? ಕದ್ದ ಮಾಲಿಗೆ 99 ಶಿಲ್ಲಿಂಗ್ ಬೆಲೆ ಕಟ್ಟತೊಡಗಿದರು.