ಇ-ಬುಕ್ ಕೇಳಿದರೆ ಪಿಡಿಎಫ್ ಕೊಡಬೇಡಿ ಸ್ವಾಮಿ

ನಿನ್ನೆ ಸಂಜೆ ಒಂದು ಪುಸ್ತಕ ಬಿಡುಗಡೆಗೆ ಹೋಗಿದ್ದೆ. ಪ್ರಕಾಶಕರು ಮೈಕ್ ಹಿಡಿದು ‘ಇ-ಬುಕ್ ಕೂಡ ತಂದಿದ್ದೇವೆ’ ಅಂದರು. ಜೋರಾಗಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಕೂತಲ್ಲೇ ದುಡ್ಡು ಕಟ್ಟಿದೆ. ಬಂದದ್ದು ಪ್ರೆಸ್ಸಿಗೆ ಕಳಿಸಿದ ಅದೇ ಪಿಡಿಎಫ್. ಕಾಗದ ಕತ್ತರಿಸಲು ಮೂಲೆಯಲ್ಲಿ ಹಾಕುವ ಗೆರೆಗಳೂ ಹಾಗೇ ಇವೆ!

ಇ-ಬುಕ್ ಓದೋಕೆಂದೇ ಇರುವ ಸಾಧನ ಇ-ರೀಡರ್, ಅದರ ಮೇಲಿನ ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ನನ್ನ ರೀಡರಿನ ಪರದೆ 6 ಇಂಚು, ಅದೂ ಮೂಲೆಯಿಂದ ಮೂಲೆಗೆ. ಅಗಲ ಸುಮಾರು ಮೂರೂವರೆ ಇಂಚು. ನಮ್ಮ ಪುಸ್ತಕಗಳ ಡೆಮಿ 1/8 ಅಳತೆಯ ಪುಟದ ಅಗಲ ಐದೂವರೆ ಇಂಚು. ಪಿಡಿಎಫ್ ಅಂದರೆ ಗೋಡೆಗೆ ಮೊಳೆ ಹೊಡೆದ ಫೋಟೊ, ಅಕ್ಷರ ಅತ್ತಿತ್ತ ಅಲುಗಲ್ಲ. ಇಡೀ ಪುಟ ನೋಡಿದರೆ ಒತ್ತಕ್ಷರ ಕಾಣಲ್ಲ. ಝೂಮ್ ಮಾಡಿದರೆ ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು. ಎಳೆದಾಗೆಲ್ಲ ಇ-ಇಂಕ್ ಪರದೆ ಕಪ್ಪಾಗಿ ಮಿಟುಕುತ್ತದೆ. ಎಪಬ್ (EPUB) ಅನ್ನೋ ಇ-ಬುಕ್ ಫೈಲ್ ಆಗಿದ್ದರೆ ಅಕ್ಷರ ದೊಡ್ಡದು ಮಾಡಿದಷ್ಟೂ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ನಲವತ್ತು ದಾಟಿದ ಕಣ್ಣಿಗೆ ಇನ್ನೇನು ಬೇಕು ಹೇಳಿ?

ಎಪಬ್ ಏನು ಹೊಸ ವಿದ್ಯೆಯಲ್ಲ, 2007ರಿಂದ ಇದೆ. ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ತನ್ನದೇ ಫಾರ್ಮ್ಯಾಟ್ ಹಿಡಿದು ಕೂತಿದ್ದ ಅಮೆಜಾನ್ ಕೂಡ 2022ರಲ್ಲಿ ತನ್ನ ಇ-ರೀಡರ್ ಕಿಂಡಲ್‌ಗೆ ‘ಎಪಬ್ ಕಳಿಸಿ, ಹಳೇ ಮೊಬಿ ಫೈಲ್ ಬೇಡ’ ಅಂದಿತು. ನಮ್ಮವರಿಗೆ ಮಾತ್ರ ಪಿಡಿಎಫ್ಫೇ ಪರಮಾತ್ಮ.

‘ಯಾವ ರೀಡರ್ ತಗೊಳ್ಳಲಿ’ ಅಂತ ಇನ್‌ಬಾಕ್ಸ್‌ನಲ್ಲಿ ಕೇಳುತ್ತಲೇ ಇರುತ್ತೀರಿ. ಕಿಂಡಲ್ಲೋ ಕೋಬೋನೋ, ಯಾವುದಾದರೂ ತಗೊಳ್ಳಿ. ಎರಡರಲ್ಲೂ ನಿಮಗೆ ಬೇಕಾದ ಕನ್ನಡ ಫಾಂಟ್ ಹಾಕಿಕೊಳ್ಳಬಹುದು. ಕೋಬೋದಲ್ಲಿ ಒತ್ತಕ್ಷರ ಕೆಟ್ಟರೆ ಕೆಒರೀಡರ್ ಅನ್ನೋ ಪುಕ್ಕಟೆ ತಂತ್ರಾಂಶ ಇದೆ. ಆದರೆ ಓದೋಕೆ ಏನಿದೆ? 2016ರ ಕೊನೆಯಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು. ಕನ್ನಡ ಬರಲಿಲ್ಲ. ಅದಕ್ಕೆ ಅಮೆಜಾನ್‌ನವರನ್ನು ಬೈದದ್ದಾಯಿತು. ಸರಿ, ನಾವು ನಮ್ಮ ಓದುಗರಿಗೆ ನೇರವಾಗಿ ಒಂದು ಎಪಬ್ ಮಾರೋಕೆ ಯಾರು ಅಡ್ಡ ಬಂದಿದ್ದಾರೆ?

ಹೂಂ, ಗೊತ್ತು. ‘ಎಪಬ್ ಕೊಟ್ಟರೆ ಕದೀತಾರೆ ಸಾರ್’ ಅಂತೀರಿ. ವಾಟ್ಸಾಪ್ ಗುಂಪುಗಳಲ್ಲಿ ಈಗ ಓಡಾಡ್ತಿರೋದು ಯಾವುದು? ಪಿಡಿಎಫ್ಫೇ ಅಲ್ವಾ? ಇನ್ನು ಕೆಲವರದ್ದು ಆ್ಯಪ್ ಬೀಗ, ಫೋನಿನಲ್ಲಿ ಮಾತ್ರ ಓದಬೇಕು. ಮೈಕ್ರೋಸಾಫ್ಟ್‌ನಂಥ ಮೈಕ್ರೋಸಾಫ್ಟೇ 2019ರಲ್ಲಿ ಇ-ಬುಕ್ ಅಂಗಡಿ ಮುಚ್ಚಿತು. ಜನ ಕೊಂಡ ಪುಸ್ತಕಗಳೂ ಜೊತೆಗೇ ಹೋದವು. ಅವರೇನೋ ದುಡ್ಡು ವಾಪಸ್ ಕೊಟ್ಟರು. ನಾಳೆ ನಿಮ್ಮ ಆ್ಯಪ್ ನಿಂತರೆ?

ಒಂದು ಕಷ್ಟ ಮಾತ್ರ ಒಪ್ಪುತ್ತೇನೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಎಲ್ಲ ಸಾಧನಗಳಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಅದನ್ನು ಹಾಗೇ ಎಪಬ್ ಮಾಡಿದರೆ ಕನ್ನಡದ ಬದಲು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಆದರೆ ಅದನ್ನು ಯೂನಿಕೋಡ್‌ಗೆ ಬದಲಾಯಿಸೋ ಪರಿವರ್ತಕಗಳು ಎಷ್ಟೋ ವರ್ಷದಿಂದ ಇವೆ. ಆಮೇಲೆ ಎಪಬ್ ಮಾಡಿಕೊಡೋಕೆ ಕ್ಯಾಲಿಬರ್ ಅನ್ನೋ ತಂತ್ರಾಂಶ ಇದೆ. ಕೋವಿದ್ ಗೋಯಲ್ ಅನ್ನೋ ಭಾರತೀಯರು 2006ರಲ್ಲಿ ಶುರು ಮಾಡಿದ್ದು, ಅದಕ್ಕೂ ಕಾಸಿಲ್ಲ. ಒಂದು ಸಲ ಕರಡು ತಿದ್ದಬೇಕಾಗುತ್ತದೆ, ಅಷ್ಟೇ. ಓ, ಕರಡು ತಿದ್ದೋದೇ ಬಿಟ್ಟಿದ್ದೀರಲ್ಲ, ಮರೆತಿದ್ದೆ.

ನಿಜ ಹೇಳಲಾ? ಈಗೀಗ ನಾನು ಇಂಗ್ಲಿಷೇ ಜಾಸ್ತಿ ಓದುತ್ತಿದ್ದೇನೆ. ಕನ್ನಡದ ಮೇಲಿನ ಪ್ರೀತಿ ಕಡಿಮೆಯಾಗಿ ಅಲ್ಲ. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಓದೋಕೆ ಸಿಗೋದು ಅದೇ. ಹೇಳಿಕೊಳ್ಳೋಕೆ ಹೊಟ್ಟೆ ಉರಿಯುತ್ತದೆ.

ಇಲ್ಲಿರೋ ಪ್ರಕಾಶಕ ಮಿತ್ರರೇ, ಎಪಬ್ ಮಾರುತ್ತಿದ್ದರೆ ಕಾಮೆಂಟಿನಲ್ಲಿ ಲಿಂಕ್ ಹಾಕಿ. ಇವತ್ತೇ ಕೊಳ್ಳುತ್ತೇನೆ, ರಿಯಾಯಿತಿಯೂ ಬೇಡ. ಪಿಡಿಎಫ್ ಲಿಂಕ್ ಹಾಕಿದವರನ್ನು ಸುಮ್ನೆ ಅನ್‌ಫ್ರೆಂಡ್ ಮಾಡುತ್ತೇನೆ. ಆಮೇಲೆ ಹೇಳಲಿಲ್ಲ ಅನ್ನಬೇಡಿ.