ಊಟ ಹೇಗಿದೆ ಅಂತ ಹೇಳಬೇಕಾದವರು ಯಾರು?

ಕೆಲವು ದಿನಗಳಿಂದ ಪ್ಲೇಟೋನ ‘ರಿಪಬ್ಲಿಕ್’, ಅರಿಸ್ಟಾಟಲ್‌ನ ‘ಪಾಲಿಟಿಕ್ಸ್’ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುತ್ತಿದ್ದೇನೆ. ಇವರು ಪ್ರಾಚೀನ ಗ್ರೀಸಿನ ತತ್ವಜ್ಞಾನಿಗಳು, ಗುರು ಶಿಷ್ಯರು. ಪ್ಲೇಟೋನ ಅಕಾಡೆಮಿ ಅನ್ನುವ ಶಾಲೆಯಲ್ಲಿ ಸುಮಾರು 20 ವರ್ಷ ಇದ್ದವನು ಅರಿಸ್ಟಾಟಲ್. ಆದರೂ ನ್ಯಾಯ ಯಾವುದು, ಆಳಬೇಕಾದವರು ಯಾರು ಅನ್ನುವ ಮಾತು ಬಂದಾಗ ಶಿಷ್ಯ ಗುರುವಿನ ಜೊತೆ ನಿಲ್ಲಲಿಲ್ಲ.

ಪ್ಲೇಟೋನ ನೋವು ಏನಂತ ಮೊದಲು ತಿಳಿಯಬೇಕು. ಕ್ರಿ.ಪೂ. 399ರಲ್ಲಿ ಅವನ ಗುರು ಸಾಕ್ರಟೀಸ್‌ನನ್ನು ಸಾಯಿಸಿದ್ದು ಯಾವುದೋ ದುಷ್ಟ ರಾಜ ಅಲ್ಲ. ಅಥೆನ್ಸ್‌ನ ಸುಮಾರು 500 ಜನ ಸಾಮಾನ್ಯ ನಾಗರಿಕರು ಕೂತು, ಕೇಳಿ, ಮತ ಹಾಕಿ ಕೊಟ್ಟ ತೀರ್ಪು ಅದು. ಇದನ್ನು ಕಂಡವನಿಗೆ ಜನರ ಮೇಲೆ ನಂಬಿಕೆ ಹೇಗೆ ಉಳಿದೀತು? ಅದಕ್ಕೇ ಅವನು ಹಡಗಿನ ಕತೆ ಹೇಳುತ್ತಾನೆ. ಚುಕ್ಕಾಣಿ ನನಗೆ ಬೇಕು, ನನಗೆ ಬೇಕು ಅಂತ ನಾವಿಕರೆಲ್ಲ ಕಿತ್ತಾಡುತ್ತಾರೆ, ಹಡಗು ನಡೆಸುವ ವಿದ್ಯೆ ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ, ಗೊತ್ತಿರುವವನನ್ನು ‘ಸುಮ್ನೆ ನಕ್ಷತ್ರ ನೋಡ್ಕೊಂಡಿರ್ತಾನೆ’ ಅಂತ ಹೀಯಾಳಿಸುತ್ತಾರೆ. ಹಾಗಾಗಿ ತಿಳಿದವರು ಆಳಲಿ, ಸೈನಿಕರು ಕಾಯಲಿ, ಉಳಿದವರು ದುಡಿಯಲಿ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕದಿದ್ದರೆ ಅದೇ ನ್ಯಾಯ.

ಅವನ ಪ್ರಾಮಾಣಿಕತೆ ನನಗೆ ಇಷ್ಟ. ಆಳುವವರಿಗೆ ಸ್ವಂತ ಆಸ್ತಿ ಬೇಡ, ಚಿನ್ನ ಬೇಡ ಅಂತ ಖಡಾಖಂಡಿತ ಹೇಳುತ್ತಾನೆ. ಆದರೆ ಜನರನ್ನು ಒಪ್ಪಿಸಲು ಒಂದು ಸುಳ್ಳು ಕತೆ ಹೇಳಿ ಅನ್ನುತ್ತಾನಲ್ಲ, ದೇವರು ಕೆಲವರಲ್ಲಿ ಚಿನ್ನ, ಕೆಲವರಲ್ಲಿ ಬೆಳ್ಳಿ, ಉಳಿದವರಲ್ಲಿ ಕಬ್ಬಿಣ, ಕಂಚು ಬೆರೆಸಿದ್ದಾನೆ ಅಂತ, ಅಲ್ಲಿ ನನ್ನ ಮನಸ್ಸು ಒಪ್ಪುವುದಿಲ್ಲ. ಸುಳ್ಳಿನ ಮೇಲೆ ನಿಲ್ಲಿಸಿದ್ದು ನ್ಯಾಯ ಹೇಗಾಗುತ್ತೆ?

ಅರಿಸ್ಟಾಟಲ್ ಅಡುಗೆಮನೆಯಿಂದ ಉತ್ತರ ಕೊಡುತ್ತಾನೆ. ಒಬ್ಬನ ಖರ್ಚಿನ ಊಟಕ್ಕಿಂತ ಹತ್ತಾರು ಜನ ತಂದು ಸೇರಿಸಿದ ಊಟ ಚೆನ್ನಾಗಿರಬಹುದು. ಮನೆ ಹೇಗಿದೆ ಅಂತ ಕಟ್ಟಿದವನಿಗಿಂತ ಅದರಲ್ಲಿ ಇರುವವನಿಗೆ ಜಾಸ್ತಿ ಗೊತ್ತು. ಊಟದ ರುಚಿ ಹೇಳಬೇಕಾದವನು ಉಂಡವನು, ಅಡುಗೆಯವನಲ್ಲ. ಆಡಳಿತದ ಮಾತೂ ಹಾಗೇ, ಜನ ಸೇರಿ ಹೇಳಬೇಕು. ಎಷ್ಟು ಸರಳ ಮಾತು, ಅಲ್ವಾ? ಹಡಗು ನಡೆಸಲು ವಿದ್ಯೆ ಬೇಕು, ನಿಜ. ಆದರೆ ಯಾವ ಬಂದರಿಗೆ ಹೋಗಬೇಕು ಅಂತ ಹೇಳಬೇಕಾದವರು ಪ್ರಯಾಣಿಕರು ಅಂತ ನನಗನ್ನಿಸುತ್ತೆ. ಅರಿಸ್ಟಾಟಲ್ ಸುಮ್ನೆ ಕೂತು ಆದರ್ಶ ಕಟ್ಟಿದವನೂ ಅಲ್ಲ. ಅವನ ಕಡೆಯವರು 158 ನಾಡುಗಳ ಆಡಳಿತದ ವಿವರ ಕಲೆಹಾಕಿದ್ದರು. ಎಲ್ಲರದ್ದೂ ಆದ ವಸ್ತುವನ್ನು ಯಾರೂ ಜೋಪಾನ ಮಾಡುವುದಿಲ್ಲ ಅಂತ ಗುರುವಿನ ಸಾಮೂಹಿಕ ಆಸ್ತಿಯ ಕನಸನ್ನೂ ಪ್ರಶ್ನಿಸಿದ.

ನಾನು ಅರಿಸ್ಟಾಟಲ್ ಪಕ್ಷ. ಅದಕ್ಕೇ ಅವನ ಮೇಲೆ ಬೇಸರವೂ ಜಾಸ್ತಿ. ಕೆಲವರು ಹುಟ್ಟಿನಿಂದಲೇ ಗುಲಾಮರು ಅಂದ, ಹೆಂಗಸರನ್ನು ಗಂಡಸರು ಆಳಬೇಕು ಅಂದ. ಈ ವಿಷಯದಲ್ಲಿ ಗುರುವೇ ಮುಂದಿದ್ದ, ಯೋಗ್ಯತೆ ಇದ್ದರೆ ಹೆಂಗಸರೂ ಆಳಲಿ ಅಂದಿದ್ದ. ಅರಿಸ್ಟಾಟಲ್ ಸ್ವತಃ ಅಥೆನ್ಸ್‌ಗೆ ಹೊರಗಿನವನು, ಅಲ್ಲಿ ಮತ ಹಾಕುವ ಹಕ್ಕು ಅವನಿಗೇ ಇರಲಿಲ್ಲ. ಆ ಮನೆಗಳಲ್ಲಿ ಹಿಟ್ಟು ಬೀಸಿದವರು, ನೀರು ಹೊತ್ತವರು ಹೆಂಗಸರು ಮತ್ತು ಗುಲಾಮರು. ಊಟ ಹೇಗಿದೆ ಅಂತ ಅವರನ್ನು ಮಾತ್ರ ಅವನು ಕೇಳಲಿಲ್ಲ.